ಕೇಳದೆ ಹೇಳಿದ ಶಿಕ್ಷೆ

ಮಾರ್ಲಿಸ್ ಸೋಲ್ಬರ್ಗ್ ಜಡ್ಜ್ ಆದ ವಾರವೇ ಇಸ್ಪೀಟಿನ ಕೂಟ ಬಿಟ್ಟರು. ಮೇಜಿನ ಸುತ್ತ ಕೂರುತ್ತಿದ್ದವರಲ್ಲಿ ಇಬ್ಬರು ವಕೀಲರ ಹೆಂಡತಿಯರು. ನಾಳೆ ಅವರ ಗಂಡಂದಿರು ತಮ್ಮೆದುರು ವಾದಕ್ಕೆ ನಿಲ್ಲುವವರು. ಕಾರ್ವರ್ ಬೆಂಡ್‌ನಂಥ ಸಣ್ಣ ಊರಿನ ಫೆಡರಲ್ ಕೋರ್ಟಿಗೆ, ಅಂದರೆ ಕೇಂದ್ರ ಸರ್ಕಾರದ ಕೋರ್ಟಿಗೆ, ಇರುವುದು ಒಬ್ಬರೇ ಜಡ್ಜ್. ಆ ಕುರ್ಚಿ ಒಮ್ಮೆ ಸಿಕ್ಕಿದರೆ ಸಾಯುವ ತನಕ. ಅವರಾಗಿ ಏಳದೆ ಎಬ್ಬಿಸುವವರು ಯಾರೂ ಇಲ್ಲ.

ಅವರ ಅಪ್ಪ ರೈಲು ಹಳಿಯ ಪಕ್ಕದ ಗೋದಿ ಉಗ್ರಾಣದಲ್ಲಿ ತೂಕ ಹಾಕುತ್ತಿದ್ದವರು. ಮಗಳು ಕಾನೂನು ಓದಿ, ಸರ್ಕಾರಿ ವಕೀಲೆಯಾಗಿ ಬಹಳ ಜನರನ್ನು ಜೈಲಿಗೆ ಕಳಿಸಿ, ನಲವತ್ತು ದಾಟಿದ ಮೇಲೆ ಕರಿ ನಿಲುವಂಗಿ ತೊಟ್ಟರು. ನಾನು ಅವರ ಕೈಕೆಳಗೆ ಸಹಾಯಕಿಯಾಗಿ ಸೇರುವ ಹೊತ್ತಿಗೆ ಕೂದಲು ಪೂರ್ತಿ ಬೆಳ್ಳಗಾಗಿತ್ತು, ಗಂಡ ವರ್ನ್ ತೀರಿಕೊಂಡಿದ್ದರು. ಮಧ್ಯಾಹ್ನ ತಮ್ಮ ಕೋಣೆಯ ಬಾಗಿಲು ಹಾಕಿಕೊಂಡು ಫ್ಲಾಸ್ಕಿನ ಸೂಪು ಕುಡಿಯುತ್ತಿದ್ದರು. ಎದುರುಗಡೆ ಹೋಟೆಲಿನಲ್ಲಿ ವಕೀಲರೆಲ್ಲ ಗುಂಪಾಗಿ ನಗುವುದು ಆ ಕಿಟಕಿಗೆ ಕೇಳಿಸುತ್ತಿತ್ತು.

ಭಾನುವಾರ ಚರ್ಚಿನಲ್ಲಿ ಪ್ರಾರ್ಥನೆಯಾದ ಮೇಲೆ ಕಾಫಿಯ ಹೊತ್ತಿಗೆ ಅವರು ತಟ್ಟೆ ಹಿಡಿದು ಹತ್ತಿರ ಬಂದರೆ ಸಾಕು, ಮಾತು ಹವಾಮಾನಕ್ಕೆ ಹೊರಳುತ್ತಿತ್ತು.

"ಒಬ್ಬಳಂತೂ ಗಾಬರಿಗೆ ‘ಏನ್ ಚಳಿ ಅಲ್ವಾ ಜಡ್ಜ್’ ಅಂದ್ಬಿಟ್ಳು ಕಣೆ ಟ್ರೀನಾ," ಎಂದು ಸೋಮವಾರ ನನಗೆ ಹೇಳಿದರು. "ಜುಲೈ ತಿಂಗಳು, ಸುಡೋ ಬಿಸಿಲು! ಪಾಪ, ನಾನೂ ಹೌದು ಅಂದೆ."

ಅವರು ನಕ್ಕರು. ನಾನೂ ನಕ್ಕೆ. ಆದರೆ ಒಂದು ಇಡೀ ಭಾನುವಾರ ಅವರ ಕಿವಿಗೆ ಬಿದ್ದದ್ದು ಅಷ್ಟೇ ಇರಬಹುದು ಅನ್ನಿಸಿತು.

ಕೋರ್ಟಿನಲ್ಲಿ ಮಾತ್ರ ಅವರೊಡನೆ ಜನ ನಿಜವಾದ ಮಾತಾಡುತ್ತಿದ್ದರು. ಶಿಕ್ಷೆ ಹೇಳುವ ಮೊದಲು ಅಪರಾಧಿಯನ್ನೇ, ಅವನ ವಕೀಲನನ್ನಲ್ಲ, "ನಿನಗೇನಾದರೂ ಹೇಳುವುದಿದೆಯೇ?" ಎಂದು ಕೇಳಬೇಕೆಂಬುದು ನಿಯಮ. ಎಷ್ಟೋ ಜಡ್ಜ್‌ಗಳು ಗಡಿಯಾರ ನೋಡುತ್ತ ಕೇಳುತ್ತಾರೆ. ಸೋಲ್ಬರ್ಗ್ ಪೆನ್ನು ಕೆಳಗಿಟ್ಟು, ಕನ್ನಡಕ ತೆಗೆದು ಕಾಯುತ್ತಿದ್ದರು. ಅವನು ತಡವರಿಸಲಿ, ಅಳಲಿ, ಬೈಯಲಿ, ಕಾಯುತ್ತಿದ್ದರು. ಕೇಳಿದ ಮೇಲೆ ಕೆಲವರಿಗೆ ಶಿಕ್ಷೆ ಇಳಿದದ್ದೂ ಉಂಟು. ಜೈಲಿನಲ್ಲಿ ಹಳಬರು ಹೊಸಬರಿಗೆ, "ಆಯಮ್ಮ ಕೇಳ್ತಾಳೆ, ಮಾತು ರೆಡಿ ಮಾಡ್ಕೋ," ಎಂದು ಹೇಳಿಕೊಡುತ್ತಿದ್ದರಂತೆ.

ರಾಯ್ಸ್ ಬೆಂಡರ್ ಎಂಬವನ ಸರದಿ ಬಂದದ್ದು ಮಾರ್ಚ್‌ನಲ್ಲಿ. ಮಾದಕ ಗುಳಿಗೆ ಸಾಗಿಸಿದ್ದ ಲಾರಿ ಡ್ರೈವರ್. ಎರಡೂ ಕಡೆಯ ವಾದ ಮುಗಿಯಿತು. ಜಡ್ಜ್ ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು.

"ಏಳು ವರ್ಷ," ಎಂದು ಎದ್ದು ಒಳಗೆ ಹೋಗಿಬಿಟ್ಟರು.

ಸರ್ಕಾರಿ ವಕೀಲ ಕಾಗದ ಜೋಡಿಸಿಕೊಂಡ. ಬೆಂಡರನ ವಕೀಲ ಚಾವಣಿ ನೋಡಿದ. ಜಡ್ಜ್ ಕೇಳದೆ ಬಿಟ್ಟದ್ದರಿಂದ ಮೇಲ್ಮನವಿಗೆ ಒಳ್ಳೆಯ ದಾರಿ ಸಿಕ್ಕಿತಲ್ಲ. ಬೆಂಡರ್ ಮಾತ್ರ ನಿಂತೇ ಇದ್ದ.

"ಅಷ್ಟೇನಾ?" ಎಂದು ಪಕ್ಕದಲ್ಲಿ ಕಾವಲಿಗಿದ್ದ ಮಾರ್ಷಲ್‌ನನ್ನು ಕೇಳಿದ. "ನನ್ನ ಕೇಳ್ಲೇ ಇಲ್ವಲ್ಲ ಸಾರ್."

ಇದನ್ನು ಎತ್ತಿ ತೋರಿಸಿದ್ದಕ್ಕೆ ಜಡ್ಜ್ ನಾಳೆಯಿಂದ ಬರಬೇಡ ಅಂದರೆ ನನ್ನ ಕೆಲಸ ಮುಗಿಯಿತು, ಮಗಳು ಎಲ್ಸಿಯ ಕಿವಿ ಆಪರೇಷನ್ನಿಗೆ ಬೇಕಾದ, ಕೆಲಸದ ಜೊತೆ ಬಂದ ವಿಮೆಯೂ. ಆದರೂ ಒಳಗೆ ಹೋದೆ.

"ಜಡ್ಜ್, ನೀವು ಅವನನ್ನ ಕೇಳ್ಲಿಲ್ಲ."

"ಕೇಳಿದ್ನಲ್ಲೇ. ಅವನು ಏನೂ ಇಲ್ಲ ಅಂದ."

"ಇಲ್ಲ, ಜಡ್ಜ್."

ಅವರು ನನ್ನನ್ನೇ ದಿಟ್ಟಿಸಿದರು. ಕೋರ್ಟಿನ ಮಾತನ್ನೆಲ್ಲ ಟೈಪ್ ಮಾಡಿಕೊಳ್ಳುವ ಆರ್ಡಿಸ್‌ಳನ್ನು ಕರೆಸಿದರು. ಎಂದೂ ಬಾಯಿ ಮುಚ್ಚದ ಹೆಂಗಸು ಅವಳು; ಅಂದು ತನ್ನ ಪರದೆ ಓದಿ, "ಇಲ್ಲ," ಎಂದಷ್ಟೇ ಹೇಳಿದಳು.

"ಅವನ ದನಿ ಕೇಳಿಸ್ತಲ್ಲ ನಂಗೆ," ಎಂದರು ಜಡ್ಜ್. ಅದು ನಮಗೆ ಹೇಳಿದಂತಿರಲಿಲ್ಲ.

ಎಲ್ಲರನ್ನೂ ವಾಪಸು ಕರೆಸಿದರು. ಪೀಠದಲ್ಲಿ ಕೂತು, "ತಪ್ಪು ನನ್ನದು. ಹೇಳಿದ ಶಿಕ್ಷೆ ಹೇಳಿಲ್ಲ ಅಂದ್ಕೊಳ್ಳಿ. ಮಿಸ್ಟರ್ ಬೆಂಡರ್, ಈಗ ಹೇಳಿ," ಎಂದರು. ಕನ್ನಡಕ ತೆಗೆದು ಕಾದರು.

ಬೆಂಡರ್ ಅಡ್ಡಡ್ಡ ತಲೆಯಾಡಿಸಿದ. "ಬೇಡ ಮೇಡಂ. ಏಳು ಅಂತ ಆಗ್ಲೇ ಅಂದ್ಬಿಟ್ರಲ್ಲ. ನಾನು ರೆಡಿ ಮಾಡ್ಕೊಂಡಿದ್ದು ಅದಕ್ಕಿಂತ ಮುಂಚೆ ಹೇಳೋ ಮಾತು."

ಮಾರ್ಷಲ್ ಅವನ ಮೊಣಕೈ ತಿವಿದ. ಜಡ್ಜ್ ಕೈಯೆತ್ತಿ ತಡೆದರು. "ನೀವು ಹೇಳೋದು ಸರಿ," ಎಂದರು. "ಇನ್ನು ನಿಮ್ಮ ಮಾತು ನಾನು ಸರಿಯಾಗಿ ಕೇಳಲಾರೆ." ಕೇಸನ್ನು ದೂರದ ಊರಿನ ಬೇರೆ ಜಡ್ಜ್‌ಗೆ ಒಪ್ಪಿಸಿದರು.

ಒಳಗೆ ಬಂದವರು ನಿಲುವಂಗಿ ಬಿಚ್ಚಲಿಲ್ಲ. ಡಾಕ್ಟರಿಗೆ ತೋರಿಸಿಕೊಳ್ಳಿ, ಬರೀ ಆಯಾಸ ಇರಬಹುದು ಎಂದೆ.

"ನನ್ನನ್ನ ಈ ಕುರ್ಚಿಯಿಂದ ಏಳು ಅನ್ನೋರು ಯಾರಿದಾರೆ, ಹೇಳು?" ಎಂದರು. "ಇವತ್ತು ಇಡೀ ಕೋರ್ಟಲ್ಲಿ ಉಸಿರೆತ್ತಿದ್ದು ನೀನೊಬ್ಬಳೇ. ಮುಂದಿನ ಸಲ ನಿನ್ನ ಮಗೂಗೆ ಜ್ವರ ಬಂದು ನೀನು ರಜಾ ಹಾಕಿರ್ತೀಯ."

ಬೇಸಿಗೆಗೆ ಮುಂಚೆ ಅವರು ನಿವೃತ್ತರಾದರು. ನನ್ನನ್ನು ತಮ್ಮ ಜಾಗಕ್ಕೆ ಬಂದವರ ಕೈಕೆಳಗೆ ಉಳಿಸಿ ಹೋದರು.

ಬೆಂಡರನ ಶಿಕ್ಷೆ ಹೇಳಲು ಆ ದೂರದ ಊರಿನ ಜಡ್ಜ್ ನಮ್ಮ ಕೋರ್ಟಿಗೇ ಬಂದ ದಿನ, ನಾನು ನೋಡುತ್ತೇನೆ, ಕಡೇ ಬೆಂಚಿನಲ್ಲಿ ಚಳಿಗಾಲದ ಕೋಟು ತೊಟ್ಟ ಮುದುಕಿಯೊಬ್ಬರು. ಸೋಲ್ಬರ್ಗ್. ವಕೀಲರು ದೂರದಿಂದಲೇ ತಲೆಬಾಗಿ, ಬೇರೆ ಬೆಂಚು ಹುಡುಕಿಕೊಂಡರು. ಬಂದಿದ್ದ ಜಡ್ಜ್ ನಿಯಮದಂತೆ ಕೇಳಿದರು. ಬೆಂಡರ್ ಎದ್ದು ಮಾತಾಡಿದ. ಬೆನ್ನು ನಮ್ಮ ಕಡೆಗೆ, ದನಿ ಸಣ್ಣದು. ಕೊನೆಗೆ ಐದು ವರ್ಷವಾಯಿತು.

ಹೊರಗೆ ಮೆಟ್ಟಿಲ ಬಳಿ ಅವರು ನನಗಾಗಿ ಕಾಯುತ್ತಿದ್ದರು.

"ಅವನು ಅಂದಿದ್ದು ನಿಂಗೆ ಕೇಳಿಸ್ತಾ?"

"ಕೇಳಿಸ್ತು ಜಡ್ಜ್. ಹೇಳ್ಲಾ?"

ಅವರು ಕೋಟಿನ ಗುಂಡಿ ಹಾಕಿಕೊಂಡರು.

"ಬೇಡ ಬಿಡು," ಎಂದರು. "ಅದು ನಂಗೆ ಹೇಳಿದ್ದಲ್ಲವಲ್ಲ."