ಪಲ್ಯದ ವೇಷ ಹಾಕಿದ ಗಜ್ಜರಿ ಹಲ್ವಾ

ಗಜ್ಜರಿ ತುರಿಯುವಾಗ ಹೆಬ್ಬೆರಳಿನ ಚರ್ಮ ಒಂದಿಷ್ಟಾದರೂ ಅದಕ್ಕೆ ಸಲ್ಲಲೇಬೇಕು, ಇಲ್ಲದಿದ್ದರೆ ಹಲ್ವಾ ಹದಕ್ಕೆ ಬರುವುದಿಲ್ಲ ಎಂಬುದು ನನ್ನ ಗಟ್ಟಿ ನಂಬಿಕೆ. ಈಗಿನ ಹೆಣ್ಣುಮಕ್ಕಳು ಪೇಟೆಯಿಂದ ಹಿಡಿಕೆಯ ತುರಿಮಣೆ ತರುತ್ತಾರೆ, ಕುರ್ಚಿಯ ಮೇಲೆ ಕುಳಿತು ತುರಿಯುತ್ತಾರೆ, ದ್ರಾಕ್ಷಿ ಗೋಡಂಬಿ ಚೆಲ್ಲಿ ಸಿಂಗರಿಸುತ್ತಾರೆ, ತಿನ್ನಲಿ, ತಣ್ಣಗಿರಲಿ. ಬೈಲಹೊಂಗಲದ ನಮ್ಮ ಮನೆಯಲ್ಲಿ ಮೊದಲ ಸಲ ಗಜ್ಜರಿ ಹಲ್ವಾ ಆದಾಗ ತುರಿಮಣೆಯೆಂದರೆ ಘಾಸಲೇಟಿನ, ಅಂದರೆ ಸೀಮೆಎಣ್ಣೆಯ, ಡಬ್ಬಿಯನ್ನು ಸೀಳಿ, ಮೊಳೆ ಬಡಿದು ತೂತು ಮಾಡಿದ ಒಂದು ತಗಡು. ಬೂದಿ ಹಾಕಿ ಎಷ್ಟು ಸಲ ತಿಕ್ಕಿದರೂ ಅದರ ವಾಸನೆ ಹೋಗಲೊಲ್ಲದು. ಹುಣಸೆಹಣ್ಣು ಹಚ್ಚಿ ತಿಕ್ಕಿದೆ, ಆಗ ತಗಡು ಫಳಫಳ ಹೊಳೆಯಿತು, ವಾಸನೆಯೂ ಒಂದಿಷ್ಟು ತಗ್ಗಿತು. ಆ ತಗಡಿನ ಮೇಲೆ ಒಂದು ಬುಟ್ಟಿ ಗಜ್ಜರಿಯನ್ನು ತುರಿದವಳು ನಾನು, ಮತ್ತು ಆ ಹಲ್ವಾದೊಳಗೆ ಕುದಿಯುತ್ತಿದ್ದದ್ದು ನನ್ನದೇ ಬಾಳು. ಹೇಗೆಂಬುದನ್ನು ಹೇಳುತ್ತೇನೆ, ಕೇಳಿರಿ.

ಮನುಷ್ಯರಲ್ಲಿ ಇರುವಂತೆ ಕಾಯಿಪಲ್ಯಗಳಲ್ಲಿಯೂ ಮೇಲು ಕೀಳು ಉಂಟು. ಬದನೆಕಾಯಿ ಎಂಥ ಲಗ್ನದ ಪಂಕ್ತಿಗಾದರೂ ತಲೆಯ ಮೇಲಿನ ಟೋಪಿಯ ಸಮೇತ ಬಂದು ಕುಳಿತೀತು. ಗಜ್ಜರಿಗೆ ಆ ಮಾನವಿಲ್ಲ. ಸಂಕ್ರಮಣದ ಹೊತ್ತಿಗೆ ತೋಟದ ಬದುವಿನಲ್ಲಿ ಕಿತ್ತು, ಕಾಲುವೆಯ ನೀರಿನಲ್ಲಿ ಮಣ್ಣು ತೊಳೆದು, ರೊಟ್ಟಿಯ ಜೊತೆಗೆ ಹಸಿಹಸಿಯಾಗಿಯೇ ಕಡಿಯುವುದು. ಮಿಕ್ಕಿದ್ದನ್ನು ಎತ್ತಿನ ಮುಂದೆ ಚೆಲ್ಲುವುದು. ಎತ್ತು, ಆಳು, ಮಾಲಕ ಮೂವರೂ ಭೇದವಿಲ್ಲದೆ ತಿನ್ನುವ ಪದಾರ್ಥವಾದ್ದರಿಂದ ದೊಡ್ಡಸ್ತಿಕೆಯವರು ಅದನ್ನು ನಾಲ್ಕು ಜನರ ಎದುರು ತಿನ್ನಲು ಸ್ವಲ್ಪ ನಾಚುತ್ತಿದ್ದರು. ಮನೆಯ ಒಳಗೆ ಮಾತ್ರ ಎಲ್ಲರೂ ತಿನ್ನುತ್ತಿದ್ದರು.

ನಮ್ಮಪ್ಪ ಹತ್ತಿಯ ವ್ಯಾಪಾರಿ. ಹತ್ತಿ ಮಾರಲು ಬೆಳಗಾವಿಗೆ ಹೋದಾಗಲೆಲ್ಲ ಮರಳಿ ಬರುವಾಗ ಒಂದು ಹೊಸ ಶಹಾಣತನವನ್ನು ತಪ್ಪದೆ ತರುತ್ತಿದ್ದ. ಒಮ್ಮೆ ಕೊಡೆ ತಂದು, ಅದನ್ನು ಬಿಚ್ಚುವುದು ಹೇಗೆಂದು ಪಡಸಾಲೆಯಲ್ಲಿಯೇ ತೋರಿಸಲು ಹೋಗಿ ಜಂತಿಗೆ ತೂಗಹಾಕಿದ್ದ ಬೆಣ್ಣೆಯ ಗಡಿಗೆ ಒಡೆದ. ಇನ್ನೊಮ್ಮೆ ಗಂಟೆ ಬಾರಿಸುವ ಗಡಿಯಾರ ತಂದ. ಅದು ತನಗೆ ತಿಳಿದಾಗ ಬಾರಿಸುತ್ತಿತ್ತು, ಅಪ್ಪ ಅದರ ಪ್ರಕಾರವೇ ಉಣ್ಣಲು, ಮಲಗಲು ಹಟ ಹಿಡಿದು ಮಟಮಟ ಮಧ್ಯಾಹ್ನ ಹಾಸಿಗೆ ಹಾಸಲು ಹೇಳುತ್ತಿದ್ದ. ಈ ಸಲ ತಂದದ್ದು ಹಲ್ವಾ ಮಾಡುವ ರೀತಿ. ದಂಡಿನ ಸಾಹೇಬರಿರುವ ಕ್ಯಾಂಪಿನ ಹತ್ತಿರ ಹಿಂದುಸ್ತಾನಿ ಮಿಠಾಯಿಯವನೊಬ್ಬ ಗಜ್ಜರಿಯನ್ನು ಹಾಲಿನಲ್ಲಿ ಕುದಿಸಿ ಮಾರುವುದನ್ನು ಕಂಡು, ಅವನ ಕಡಾಯಿಯ ಮುಂದೆ ಅರ್ಧ ದಿನ ನಿಂತು ಕಲಿತು ಬಂದಿದ್ದ. "ಅಲ್ಲಿ ಸಾಹೇಬರು ಸುದ್ದಾ ಚಮಚಾ ಹಿಡಕೊಂಡು ತಿಂತಾರ," ಎಂದ. ಸಾಹೇಬರು ತಿಂದರೆಂದ ಮೇಲೆ ಗಜ್ಜರಿಯ ಕುಲ ಶುದ್ಧವಾಯಿತು, ಇನ್ನೇನು ಬೇಕು!

ಆಗ ನನಗೆ ಹದಿನೆಂಟು ತುಂಬಿತ್ತು. ಆ ಕಾಲಕ್ಕೆ ಲಗ್ನವಾಗದೆ ಹದಿನೆಂಟು ತುಂಬುವುದೆಂದರೆ ಹೆಣ್ಣು ಮಾಡುವ ತಪ್ಪುಗಳಲ್ಲಿ ಬಹಳ ದೊಡ್ಡದು. ಅದರ ಮೇಲೆ ಕನ್ನಡ ಸಾಲಿಯ ನಾಲ್ಕು ಇಯತ್ತೆ ಓದಿದ್ದೆ. ಗಾಯದ ಮೇಲೆ ಬರೆ. ಕೊನೆಗೆ ರಾಮದುರ್ಗದಿಂದ ಒಂದು ಸಂಬಂಧ ಬಂತು. ದೊಡ್ಡ ವಾಡೆ, ಸಂಸ್ಥಾನದ ಕಚೇರಿಯಲ್ಲಿ ವಜನಿದ್ದ ಮಂದಿ. ವರನಿಗೆ ಇದು ಮೂರನೆಯ ಲಗ್ನ. ಮೊದಲನೆಯವಳು ತೀರಿಕೊಂಡಿದ್ದಳು, ಎರಡನೆಯವಳು ಪಂಚಮಿಗೆಂದು ತವರಿಗೆ ಹೋದವಳು ಎಷ್ಟು ಪಂಚಮಿ ಕಳೆದರೂ ತಿರುಗಿ ಬಂದಿರಲಿಲ್ಲ. ಆ ವಾಡೆಯ ಸೊಸೆಯಂದಿರು ಬಾವಿಗೂ ಹೋಗುವಂತಿಲ್ಲ, ಆಳು ನೀರು ತರುತ್ತಾನೆ ಎಂದು ಅಪ್ಪ ಹೆಮ್ಮೆಯಿಂದ ಹೇಳಿದ. ಬಾವಿಗೂ ಹೋಗಬಾರದೆಂದರೆ ಮತ್ತೆಲ್ಲಿ ಹೋಗಬೇಕು? ಬಾವಿಯ ದಂಡೆಯಲ್ಲವೇ ನಮ್ಮ ಕಚೇರಿ, ನಮ್ಮ ಚಾವಡಿ, ನಮ್ಮ ವರ್ತಮಾನ ಪತ್ರಿಕೆ! "ಯವ್ವಾ, ನಾ ಅಲ್ಲಿ ಒಲ್ಲೆ," ಎಂದು ಅವ್ವನ ಮುಂದೆ ಅತ್ತೆ. ಅವ್ವ ನನಗಿಂತ ಹೆಚ್ಚು ಅತ್ತಳು, ಆದರೆ ಅಪ್ಪನಿಗೆ ಹೇಳುವ ಧೈರ್ಯ ಇಬ್ಬರಿಗೂ ಇರಲಿಲ್ಲ.

ಇಲ್ಲಿ ಒಂದು ಪದ್ಧತಿಯ ವಿಷಯ ಹೇಳಬೇಕು. ಕಿತ್ತೂರಿನಿಂದ ರಾಮದುರ್ಗದವರೆಗೂ ನಮ್ಮ ಮಂದಿಯಲ್ಲಿ, ಕನ್ಯೆ ನೋಡಲು ಬಂದವರು ಒಪ್ಪಿಗೆ ಹೇಳುವವರೆಗೆ ಆ ಮನೆಯ ಸಿಹಿ ಮುಟ್ಟುತ್ತಿರಲಿಲ್ಲ. ರೊಟ್ಟಿ ತಿಂದಾರು, ಪಲ್ಯ ತಿಂದಾರು, ಚುರಮರಿಯ ಬುಟ್ಟಿ ಬರಿದು ಮಾಡಿಯಾರು; ಸಿಹಿ ಬಾಯಿಗಿಟ್ಟರೋ, ಮಾತು ಕೊಟ್ಟ ಹಾಗೆ. ರಾಮದುರ್ಗದವರು ನಾಲ್ಕು ಕಡೆ ಹೋಗಿ ಹೆಣ್ಣು ನೋಡಿ, ಎಲ್ಲ ಕಡೆಗೂ ಖಾರ ತಿಂದು ಬಂದವರೆಂದು ಅಪ್ಪನಿಗೆ ಸುದ್ದಿಯಿತ್ತು. ಅಲ್ಲಿಯೇ ಅವನ ಶಹಾಣತನಕ್ಕೆ ಚಿಗುರೊಡೆಯಿತು. ಗಜ್ಜರಿ ಸಿಹಿಯಾಗುತ್ತದೆಂಬುದು ಈ ಸೀಮೆಯಲ್ಲಿ ಯಾರಿಗೂ ಗೊತ್ತಿಲ್ಲ. ರೊಟ್ಟಿಯ ಪಕ್ಕದಲ್ಲಿ ಪಲ್ಯದ ಹಾಗೆ ಬಡಿಸುವುದು. ಅವರು ಪಲ್ಯವೆಂದು ತಿನ್ನುವುದು. ತಿಂದ ಕೂಡಲೇ ನಾಲ್ಕು ಜನರ ಎದುರು 'ಮಾತು ಕೊಟ್ಟಿರಿ' ಎಂದು ಕೈಹಿಡಿಯುವುದು. ತಿನ್ನುವವರ ನಾಲಿಗೆಗೆ ಗೊತ್ತಾಗುವುದಿಲ್ಲವೇ ಎಂದು ಅವ್ವ ಕೇಳಿದಳು. "ಗೊತ್ತಾಗೋದ್ರಾಗ ನುಂಗಿರತಾರ ಬಿಡು," ಎಂದ ಅಪ್ಪ. ವ್ಯಾಪಾರದವರ ಧರ್ಮಸೂಕ್ಷ್ಮ ನೋಡಿರಿ, ಮಗಳ ಬಾಳಿಗೂ ಹತ್ತಿಯ ಮೂಟೆಗೂ ಒಂದೇ ಯುಕ್ತಿ: ಮೇಲಿನದು ಒಂದು, ಒಳಗಿನದು ಇನ್ನೊಂದು.

ಹಲ್ವಾ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ನನ್ನ ಕೊರಳಿನ ಹಗ್ಗ ನಾನೇ ಹೊಸೆಯಬೇಕಲ್ಲ! ಎಮ್ಮೆಯ ಗಟ್ಟಿ ಹಾಲು ಕಾಯಿಸಿ ಅರ್ಧಕ್ಕೆ ಇಳಿಸಿದೆ. ತುರಿಯನ್ನು ತುಪ್ಪದಲ್ಲಿ ಬಾಡಿಸಿ ಹಾಲಿಗೆ ಬಿಟ್ಟು, ತಳ ಹತ್ತದಂತೆ ತಿರುವುತ್ತ ನಿಂತೆ. ಬಿಳಿಸಕ್ಕರೆ ಹಾಕಬೇಕೆಂದು ಅಪ್ಪ, ಎಲುಬಿನ ಪುಡಿಯಿಂದ ಬಿಳುಪು ಮಾಡಿದ ಸಕ್ಕರೆ ನನ್ನ ಒಲೆಯ ಮೇಲೆ ಬರಕೂಡದೆಂದು ಅವ್ವ. ಜನ್ಮದಲ್ಲಿ ಅವ್ವ ಗೆದ್ದ ವಾದಗಳನ್ನು ಎಣಿಸಿದರೆ ಇದೊಂದೇ ಸಿಕ್ಕೀತು. ಬೆಲ್ಲ ಬಿತ್ತು. ಹಾಲು ಒಡೆಯಬಾರದೆಂದು ಕಡೆಗೆ, ಕೆಳಗಿಳಿಸಿದ ಮೇಲೆ ಪುಡಿ ಮಾಡಿ ಹಾಕಿದೆ. ಗಜ್ಜರಿಯ ಕೆಂಪು ಕಂದಾಗಿ, ಕಂದು ಕಪ್ಪಾಗಿ, ನೋಡಿದರೆ ಥೇಟ್ ಸೀದುಹೋದ ಪಲ್ಯ. ಅಪ್ಪ ಹಿಗ್ಗಿ ಹೀರೆಕಾಯಿಯಾದ. ಯಾಲಕ್ಕಿ ಹಾಕಬಾರದು, ವಾಸನೆಯಿಂದ ಗುಟ್ಟು ರಟ್ಟಾಗುತ್ತದೆಂದು ಅಪ್ಪಣೆ ಮಾಡಿ, ಮೇಲೆ ಎರಡೆಳೆ ಕೊತ್ತಂಬರಿಯನ್ನೂ ಇಡಿಸಿದ. ಹಲ್ವಾದ ಮೇಲೆ ಕೊತ್ತಂಬರಿ! ಆ ಹಿಂದುಸ್ತಾನಿ ಮಿಠಾಯಿಯವನು ನೋಡಿದ್ದರೆ ಕಡಾಯಿ ಬೋರಲು ಹಾಕಿ ಸನ್ಯಾಸ ತಗೊಳ್ಳುತ್ತಿದ್ದ.

ರಾಮದುರ್ಗದಿಂದ ಬಂದವರು ವರನ ಚಿಕ್ಕಪ್ಪ ಒಬ್ಬರೇ; ಸಂಸ್ಥಾನದ ಕಾರುಬಾರು ನೋಡುವುದರಿಂದ ಎಲ್ಲರ ಬಾಯಲ್ಲಿ ಕಾರಭಾರಿಗಳು. ಮುಂಡಾಸ ಎಷ್ಟು ದೊಡ್ಡದೆಂದರೆ ಅದು ಮೊದಲು ಬಾಗಿಲು ದಾಟಿ, ಆಮೇಲೆ ಅವರು ದಾಟಿದರು. ಅವರ ಜೊತೆಗೆ ಕಟಕೋಳದ ಬಸಲಿಂಗಪ್ಪನೆಂಬ ರೈತ. ನಮ್ಮದೇ ಮಂದಿ, ಅವರಿಗೆ ದೂರದ ಸಂಬಂಧ. ದಾರಿಯಲ್ಲಿ ಕಾರಭಾರಿಗಳ ಗಾಡಿಯ ಅಚ್ಚು ಮುರಿದದ್ದರಿಂದ ತನ್ನ ಗಾಡಿ ಕಟ್ಟಿಕೊಂಡು ಅವರನ್ನು ಕರೆತಂದಿದ್ದ. ಸಾಕ್ಷಿಗಿರಲೆಂದು ಅಪ್ಪ ಮಠದ ಅಯ್ಯನವರನ್ನೂ ಕರೆಸಿದ್ದ.

ಕಾರಭಾರಿಗಳು ನನ್ನನ್ನು ನಡೆಸಿದರು, ನಿಲ್ಲಿಸಿದರು, ತಿರುಗಿಸಿದರು. ಸೂಜಿಗೆ ದಾರ ಪೋಣಿಸೆಂದರು, ಪೋಣಿಸಿದೆ. ಓದೆಂದರು, ಓದಿದೆ. ತಡವರಿಸದೆ ಓದಿದ್ದು ಅವರಿಗೆ ಸೇರಲಿಲ್ಲ. "ಇಷ್ಟ ಓದೋ ಹೆಣ್ಣು ಮನಿಯಾಗ ಕುಂದ್ರತಾಳೇನು?" ಎಂದು ಅಯ್ಯನವರನ್ನು ಕೇಳಿದರು. ಪೇಟೆಯಲ್ಲಿ ಎತ್ತು ಕೊಳ್ಳುವಾಗಲೂ ಹಲ್ಲು ನೋಡಿದ ಮೇಲೆ ಅದರ ಬೆನ್ನು ಸವರುತ್ತಾರೆ; ನನಗೆ ಆ ಭಾಗ್ಯವೂ ಇರಲಿಲ್ಲ. ಬಸಲಿಂಗಪ್ಪ ಮಾತ್ರ ತಲೆ ತಗ್ಗಿಸಿ ಕುಳಿತಿದ್ದ. ಯಾರದೋ ಮನೆಯ ಮಗಳನ್ನು ಹೀಗೆ ನೋಡುವುದಕ್ಕೆ ಅವನಿಗೇ ನಾಚಿಕೆಯಾದಂತಿತ್ತು.

ತಾಟುಗಳು ಬಂದವು. ರೊಟ್ಟಿ, ಬದನೆಕಾಯಿ, ಶೇಂಗಾ ಹಿಂಡಿ, ಮೊಸರು, ಪಕ್ಕದಲ್ಲಿ ಕೊತ್ತಂಬರಿ ಹೊತ್ತ ಹಲ್ವಾ. ಕಾರಭಾರಿಗಳು ಬಗ್ಗಿ ನೋಡಿದರು. "ಇದೇನು, ಗಜ್ಜರಿ?" ಎಂದು ಮೂಗು ಮುರಿದರು. "ನಮ್ಮ ವಾಡೆದಾಗ ಇದನ್ನ ದನಕ್ಕ ಹಾಕತಾರ." ಹಾಗೆಂದು ತಾಟನ್ನೇ ತಾವು ಒರಗಿದ್ದ ಲೋಡಿನ ಹಿಂದಕ್ಕೆ ಸರಿಸಿ, ಎಲೆ ಅಡಿಕೆ ತೆಗೆದರು. ಅಪ್ಪ ಆಗ ತುಪ್ಪ ತರಲೆಂದು ಒಳಗೆ ಹೋಗಿದ್ದ. ಪಲ್ಯದ ವೇಷ ಎಷ್ಟು ಚಂದ ಒಪ್ಪಿತ್ತೆಂದರೆ ಯಾರಿಗಾಗಿ ವೇಷ ಹಾಕಿತ್ತೋ ಅವರೇ ಅದನ್ನು ಮುಟ್ಟಲಿಲ್ಲ.

ಬಸಲಿಂಗಪ್ಪನಿಗೆ ಇಂಥ ವಾಡೆಯ ಕಾಟ ಇರಲಿಲ್ಲ. ಒಂದು ತುತ್ತು ತಿಂದ. ತಲೆಯೆತ್ತಿದ. "ಯಾರು ಮಾಡ್ಯಾರವ್ವಾ ಇದನ್ನ?" ಎಂದು ಕೇಳಿದ. "ನಾನರಿ, ಕಾಕಾರ," ಎಂದೆ. "ಕೈಯಾಗ ರುಚಿ ಐತಿ ತಂಗಿ. ಬೆರಳಿಗೆ ಏನಾತು, ಅರಿವಿ ಕಟ್ಟೀದಿ?" ಎಂದ. ಅಂದು ಮುಂಜಾನೆಯಿಂದ ನನ್ನ ನಡಿಗೆ ನೋಡಿದವರಿದ್ದರು, ನನ್ನ ಓದು ಕೇಳಿದವರಿದ್ದರು. ನನಗೇನಾಯಿತೆಂದು ಕೇಳಿದವನು ಅವನೊಬ್ಬನೇ. ಇನ್ನಷ್ಟು ಬಡಿಸಿದೆ. ಅದನ್ನೂ ತಿಂದ. ಅಯ್ಯನವರು ತಮ್ಮ ಪಾಲಿನದನ್ನು ಬಸಲಿಂಗಪ್ಪನಿಗಿಂತ ಮೊದಲೇ ಮುಗಿಸಿ ಕೈ ನೆಕ್ಕುತ್ತಿದ್ದರು.

ಅಪ್ಪ ತುಪ್ಪದ ಗಿಂಡಿ ಹಿಡಿದು ಬಂದ. ಮುಂದಿನ ತಾಟುಗಳು ಬರಿದಾದದ್ದನ್ನು ಕಂಡ. ಲೋಡಿನ ಹಿಂದಿನದು ಅವನಿಗೆ ಕಾಣಲಿಲ್ಲ. ಗಿಂಡಿಯನ್ನು ಅಲ್ಲಿಯೇ ಇಟ್ಟು ಎರಡೂ ಕೈಯೆತ್ತಿ ಕೂಗಿದ: "ಅಯ್ಯನೋರ, ನೀವ ಸಾಕ್ಷಿ! ನನ್ನ ಮನಿ ಸಿಹಿ ತಿಂದಾರ! ಅದು ಪಲ್ಯೆ ಅಲ್ಲ, ಹಲ್ವಾ! ಮಾತು ಕೊಟ್ಟಂಗಾತು! ಇನ್ನ ಹಿಂದ ಸರಿಯೂ ಹಂಗಿಲ್ಲ!"

ಕಾರಭಾರಿಗಳು ಎಲೆಗೆ ಸುಣ್ಣ ಹಚ್ಚುವುದನ್ನು ಮುಗಿಸಿ, ಲೋಡಿನ ಹಿಂದಿನಿಂದ ತುಂಬಿದ ತಾಟು ತೆಗೆದು ಮುಂದಿಟ್ಟರು. "ನಾವು ಮುಟ್ಟಿಲ್ಲ," ಎಂದರು.

ಅಯ್ಯನವರು ಗಡಬಡಿಸಿ, "ನಾ ತಿಂದೇನಿ ಖರೆ. ನನಗಂತೂ ಗಂಡಸ ಮಕ್ಕಳಿಲ್ಲಪಾ, ಶಿವಾ ಪಾರ ಮಾಡಿದ," ಎಂದರು. ಆಗ ಬಸಲಿಂಗಪ್ಪ ಕೈ ತೊಳೆದು, ಹೆಗಲ ಮೇಲಿನ ವಲ್ಲಿಯಿಂದ ಒರೆಸಿಕೊಂಡು, ಮೆಲ್ಲಗೆ ಹೇಳಿದ: "ತಿಂದಾಂವ ನಾನ್ರಿ. ಮೊದಲ್ನೇ ತುತ್ತಿಗೇ ಸಿಹಿ ಅಂತ ತಿಳೀತು. ಮುಂದಿಂದು ಗೊತ್ತಿದ್ದೂ ತಿಂದೆ. ನನಗ ಒಬ್ಬ ಮಗ ಅದಾನ. ಹೊಲಾ ಮಾಡತಾನ. ನೀವ ಈಗ ಮಾತು ಕೊಟ್ಟಂಗಾತು ಅಂದ್ರಿ. ನಾ ಹಿಂದ ಸರಿಯಾಂವಲ್ಲ."

ಅಪ್ಪನ ಮುಖ ಆಗ ನೋಡಬೇಕಿತ್ತು. "ಛೇ ಛೇ! ಅದು ಸಿಹಿ ಅಲ್ರಿ! ಗಜ್ಜರಿ! ಎಲ್ಲಾರೂ ಬಲ್ಲಂಗ ಅದು ಕಾಯಿಪಲ್ಯೆ! ಮ್ಯಾಲ ಕೊತ್ತಂಬರಿ ಇಲ್ಲೇನು?" ಎಂದ. ಈಗಿನ್ನೂ ಕೈಯೆತ್ತಿ ಹಲ್ವಾ ಎಂದು ಕೂಗಿದ ಬಾಯಿ! ನಾಲಿಗೆಗೆ ಎಲುಬಿಲ್ಲವೆಂದು ಹಿರಿಯರು ಸುಳ್ಳು ಹೇಳಲಿಲ್ಲ. ಅಯ್ಯನವರು ಗಡ್ಡ ನೀವಿ, ಇದು ಮಾಡಿದವರು ಹೇಳಬೇಕಾದ ಮಾತೆಂದು ನನ್ನ ಕಡೆಗೆ ತಿರುಗಿದರು. "ಏನವ್ವಾ, ಇದರಾಗ ಏನು ಹಾಕೀದಿ?"

ಎಲ್ಲರೂ ನನ್ನನ್ನು ನೋಡಿದರು. ನಾನು ಪಲ್ಯವೆಂದು ಹೇಳಿದರೆ ವಾಡೆಯ ಬಾಗಿಲು ಇನ್ನೂ ತೆರೆದಿತ್ತು. ಅಪ್ಪನ ಕಣ್ಣು ನನ್ನನ್ನು ಸುಡುತ್ತಿತ್ತು, ಆದರೂ ದನಿ ಅದು ಹೇಗೋ ನೆಟ್ಟಗೆ ಬಂತು. "ಬೆಲ್ಲ ಹಾಕೇನ್ರಿ, ಅಯ್ನೋರ. ಕೈ ತುಂಬ ಹಾಕೇನಿ."

ಜಗತ್ತಿನ ರೀತಿ ನೋಡಿರಿ. ಅಲ್ಲಿಯತನಕ ನನ್ನನ್ನು ಒಲ್ಲದ ಬೇಳೆಯ ಹಾಗೆ ಕೇರುತ್ತಿದ್ದ ಕಾರಭಾರಿಗಳಿಗೆ, ಇನ್ನೊಬ್ಬನು ಕೈಚಾಚಿದ ಕೂಡಲೇ ನಾನು ಮುತ್ತಾಗಿ ಕಂಡೆ. "ಅಗದೀ ಪಸಂದ ಹುಡುಗಿ! ನಮ್ಮ ಒಪ್ಪಿಗಿ ಐತಿ, ತಗೋರಿ," ಎಂದು ದನಕ್ಕೆ ಹಾಕುವ ಆ ಗಜ್ಜರಿಯ ತಾಟಿಗೇ ಕೈಹಾಕಿದರು. ಅಪ್ಪನ ಮುಖ ಅರಳಿತು. ಕಾರಭಾರಿಗಳ ಕೈ ಹಲ್ವಾ ಮುಟ್ಟುವುದರೊಳಗೆ ನಾನು ಬಗ್ಗಿ ತಾಟು ಎತ್ತಿಕೊಂಡೆ.

"ಆರಿ ತಣ್ಣಗಾಗೇತ್ರಿ. ಇಂಥಾದ್ದು ನಿಮಗ ಕೊಡಬಾರದು," ಎಂದೆ. ಬಸಲಿಂಗಪ್ಪನ ಕಡೆಗೆ ತಿರುಗಿ, "ನೀವು ಕುಂದರ್ರಿ, ಮಾವಾರ," ಎಂದು ಸೆರಗು ಹೊದ್ದು ಒಳಗೆ ನಡೆದೆ.

ಪಡಸಾಲೆಯಲ್ಲಿ ಗದ್ದಲವೆದ್ದಿತು. ಮೂವರ ದನಿಯ ಮೇಲೆ ಅಪ್ಪನ ದನಿ. ಯಾರು ತಿಂದರು, ಯಾರು ತಿನ್ನಲಿಲ್ಲ, ಯಾರು ತಿಂದರೆ ಎಷ್ಟು ಮಾತು ಕೊಟ್ಟ ಹಾಗೆ ಎಂದು ಶಾಸ್ತ್ರವೆಲ್ಲ ಹೊರಬಿತ್ತು. ಸಿಹಿ ಮಾಡಿದ ಹುಡುಗಿ ಸಿಹಿ ತಿಂದಳೇ ಎಂದು ಕೇಳುವ ಶಾಸ್ತ್ರ ಮಾತ್ರ ಕಿತ್ತೂರಿನಲ್ಲಿಯೂ ಇರಲಿಲ್ಲ, ರಾಮದುರ್ಗದಲ್ಲಿಯೂ ಇರಲಿಲ್ಲ. ನಾನು ಅಡುಗೆಮನೆಯ ಬಾಗಿಲ ಮರೆಯಲ್ಲಿ ನಿಂತು, ಕೊತ್ತಂಬರಿ ತೆಗೆದು ಒಗೆದು, ಆ ತಾಟಿನ ಹಲ್ವಾವನ್ನು ಕೈಯಿಂದಲೇ ತಿಂದೆ. ತಣ್ಣಗಾಗಿತ್ತು, ಘಾಸಲೇಟಿನ ವಾಸನೆ ಒಂದೆಳೆ ಇತ್ತು, ಬೆಲ್ಲ ಒಂದು ಹಿಡಿ ಹೆಚ್ಚೇ ಆಗಿತ್ತು. ಕೊನೆಯ ತುತ್ತು ನುಂಗಿ ತಿರುಗಿದಾಗ ಅವ್ವ ಒಲೆಯ ಮುಂದೆ ಕುಳಿತು ನನ್ನನ್ನೇ ನೋಡುತ್ತಿದ್ದಳು.

"ತಿಂದೀ?" ಎಂದು ಕೇಳಿದಳು.

"ತಿಂದೆ," ಎಂದೆ.