ಬಿದಿರುಕಡ್ಡಿ ಓದಿದ ನಮ್ಮಜ್ಜಿ

ಆಗ ಅಮೆರಿಕದ ವಿಕ್ಸಮ್ ಊರಿನಲ್ಲಿ, ಸಬ್‌ಡಿವಿಷನ್ ಎನ್ನುವ ನಮ್ಮ ಬಡಾವಣೆಯಲ್ಲಿ ಕನ್ನಡ ಕೇಳಿಸುತ್ತಿದ್ದ ಮನೆ ಅಂದರೆ ನಮ್ಮದೊಂದೇ. ತೊಗರಿಬೇಳೆ ಬೇಕೆಂದರೆ ಅಪ್ಪ ಶನಿವಾರ ಇಪ್ಪತ್ತೈದು ಮೈಲಿ ಡ್ರೈವ್ ಮಾಡಬೇಕಿತ್ತು. ಊರಿಗೆ ಫೋನ್ ಮಾಡಲು ಕಾಲಿಂಗ್ ಕಾರ್ಡಿನ ಬೆನ್ನನ್ನು ನಾಣ್ಯದಿಂದ ಕೆರೆಯುತ್ತಿದ್ದ ಕಾಲ ಅದು. ಅಂಥ ಮನೆಗಳಲ್ಲಿ ಬೆಳೆದ ನನ್ನ ಓರಗೆಯವರಿಗೆ ಆ ಚಳಿಗಾಲದ ಮಧ್ಯಾಹ್ನಗಳ ವಾಸನೆ ಈಗಲೂ ಮೂಗಿನಲ್ಲಿರಬೇಕು: ಹೀಟರಿನ ಒಣಗಾಳಿ, ಒದ್ದೆಯಾದ ಉಣ್ಣೆ ಸಾಕ್ಸು, ಅವೆರಡರ ಮೇಲೆ ಇಂಗಿನ ಒಗ್ಗರಣೆ.

ನಾನು ಐದನೇ ಕ್ಲಾಸು. ಎರಡು ಸಾವಿರದ ಇಸವಿ ಹುಟ್ಟಿದ ಕೂಡಲೇ ಕಂಪ್ಯೂಟರುಗಳೆಲ್ಲ ನಿಂತುಹೋಗುತ್ತವೆಂದು ಅಪ್ಪ ಗ್ಯಾರೇಜಿನಲ್ಲಿ ನೀರಿನ ಕ್ಯಾನುಗಳನ್ನು ಪೇರಿಸಿಟ್ಟಿದ್ದ ವರ್ಷ. ಆ ಅಕ್ಟೋಬರಿನಲ್ಲಿ ಅಪ್ಪನ ಅಮ್ಮ, ನಮ್ಮಜ್ಜಿ ಸಾವಿತ್ರಮ್ಮ, ಮೈಸೂರಿನಿಂದ ಆರು ತಿಂಗಳಿಗೆಂದು ಬಂದಳು. ಅಪ್ಪ ಕಾರಿನ ಬಿಡಿಭಾಗಗಳ ಕಂಪನಿಯಲ್ಲಿ ಎಂಜಿನಿಯರು, ಅಮ್ಮ ಒಂದು ಲ್ಯಾಬಿನಲ್ಲಿ. ಇಬ್ಬರೂ ಮನೆ ಸೇರುವಾಗ ಆರು ಗಂಟೆ. ಮೂರೂವರೆಗೆ ಸ್ಕೂಲ್ ಬಸ್ಸು ಇಳಿದರೆ ಅಲ್ಲಿಯವರೆಗೂ ನಾನು ಮತ್ತು ಅಜ್ಜಿ ಇಬ್ಬರೇ. ಅಜ್ಜಿಗೆ ಕನ್ನಡ ಬಿಟ್ಟರೆ ಬೇರೆ ಮಾತು ಬರುತ್ತಿರಲಿಲ್ಲ. ನನಗೆ ಅವಳ ಮಾತೆಲ್ಲ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲೇ ಬರುತ್ತಿತ್ತು.

"ಹಾಲು ಕುಡಿದ್ಯಾ ಪುಟ್ಟಿ?"

"ಐ ಡೋಂಟ್ ವಾಂಟ್ ಇಟ್."

"ಅದೇನು ಬಾಯಲ್ಲಿ ಗೋಲಿ ಇಟ್ಕೊಂಡು ಮಾತಾಡ್ತೀಯೋ, ನನಗೊಂದೂ ತಿಳಿಯಲ್ಲ" ಅನ್ನುತ್ತಿದ್ದಳು ಅಜ್ಜಿ, ಬೇಸರವಿಲ್ಲದೆ.

ನವೆಂಬರಿನ ಒಂದು ಶುಕ್ರವಾರ ಅಜ್ಜಿ ದೇವರ ಮುಂದೆ ಸಾಂಬ್ರಾಣಿ ಹಾಕಿದಳು. ಎರಡೇ ನಿಮಿಷಕ್ಕೆ ಸ್ಮೋಕ್ ಅಲಾರ್ಮ್ ಕಿರುಚಿಕೊಳ್ಳಲು ಶುರುಮಾಡಿತು. ಅಜ್ಜಿ ಕಿವಿ ಮುಚ್ಚಿಕೊಂಡು ನಿಂತಳು, ನಾನು ಕುರ್ಚಿ ಹತ್ತಿದರೂ ಕೈ ಎಟುಕಲಿಲ್ಲ. ಅಷ್ಟರಲ್ಲಿ ಯಾರೋ ಬಾಗಿಲು ಬಡಿದರು. ತೆಗೆದರೆ ನನ್ನ ಕ್ಲಾಸಿನ ಏಮಿ, ಅವಳ ಹಿಂದೆ ಅವಳ ಅಜ್ಜಿ. ನಮ್ಮದು ಒಂದೇ ಗೋಡೆ ಹಂಚಿಕೊಂಡ ಟೌನ್‌ಹೌಸು, ಅವರದು ಪಕ್ಕದ ಬಾಗಿಲು. ಆ ಪುಟ್ಟ ಮುದುಕಿ ನೇರ ಒಳಗೆ ಬಂದು, ಕಿಟಕಿ ತೆರೆದು, ಕೈಯಲ್ಲಿದ್ದ ದಪ್ಪ ನ್ಯೂಸ್‌ಪೇಪರಿನಿಂದ ಅಲಾರ್ಮಿನ ಕೆಳಗೆ ಬೀಸತೊಡಗಿದರು. ಕೂಗು ನಿಂತಿತು.

"ನಮ್ಮನೆಯಲ್ಲೂ ದಿನಾ ಹೀಗೇ, ಪೋಪೋ ಊದುಬತ್ತಿ ಹಚ್ಚಿದಾಗಲೆಲ್ಲ" ಎಂದಳು ಏಮಿ. ಅವರ ಕ್ಯಾಂಟೊನೀಸ್ ಮಾತಿನಲ್ಲಿ ಪೋಪೋ ಅಂದರೆ ತಾಯಿಯ ತಾಯಿ. ನಮ್ಮಜ್ಜಿಗೆ ಅಷ್ಟು ಮೊಟಕು ಹೆಸರು ಹಿಡಿಸಲಿಲ್ಲ. ಅವತ್ತಿನಿಂದಲೇ 'ಪೋಪಮ್ಮನೋರು' ಎಂದು ಕರೆಯಲು ಶುರುಮಾಡಿದಳು.

ಮಾರನೇ ವಾರದಿಂದ ನಾವು ಪ್ರತಿ ಮಧ್ಯಾಹ್ನ ಅವರ ಅಡುಗೆಮನೆಯಲ್ಲಿ. ಒಲೆಯ ಮೇಲೆ ಶುಂಠಿ ಮತ್ತು ಒಣಗಿದ ಕಿತ್ತಳೆ ಸಿಪ್ಪೆ ಕುದಿಯುತ್ತಿರುತ್ತಿತ್ತು. ಅಜ್ಜಿ ಕೋಡುಬಳೆ ತರುತ್ತಿದ್ದಳು, ಪೋಪೋ ಎಳ್ಳುಂಡೆಯಂಥದ್ದೇನೋ ಕರಿದು ಕೊಡುತ್ತಿದ್ದರು. ನಾನೂ ಏಮಿಯೂ ಕಾರ್ಪೆಟ್ಟಿನ ಮೇಲೆ ಚೌಕಾಬಾರ ಆಡುತ್ತಿದ್ದೆವು. ಫ್ರಿಜ್ಜಿನ ಮೇಲೆ ಅವರು ಪೂಜಿಸುವ ಕರುಣಾದೇವಿಯ ಬಿಳಿ ಪಿಂಗಾಣಿ ಮೂರ್ತಿ, ಮುಂದೆ ಮೂರು ಕಿತ್ತಳೆ ಹಣ್ಣು, ಪಕ್ಕದಲ್ಲಿ ಒಂದು ಬಿದಿರಿನ ಕೊಳವೆ. ಅಜ್ಜಿಯ ಕಣ್ಣು ಹೋದದ್ದು ಆ ಕೊಳವೆಯ ಮೇಲೆ.

"ಅದೇನಂತೆ ಕೇಳೇ."

ಪೋಪೋ ಅದನ್ನಿಳಿಸಿ ತೋರಿಸಿದರು. ಒಳಗೆ ನೂರು ಬಿದಿರುಕಡ್ಡಿ, ಒಂದೊಂದರ ಮೇಲೂ ಒಂದೊಂದು ಸಂಖ್ಯೆ. ಮನಸ್ಸಿನಲ್ಲಿ ಪ್ರಶ್ನೆ ಹಿಡಿದು ಕೊಳವೆಯನ್ನು ಓರೆಯಾಗಿ ಹಿಡಿದು ಕುಲುಕುತ್ತಾ ಹೋದರೆ ಒಂದು ಕಡ್ಡಿ ತಾನಾಗಿ ಮುಂದೆ ಬಂದು ಬೀಳುತ್ತದೆ. ಆಮೇಲೆ ಗೋಡಂಬಿಯ ಆಕಾರದ, ಒಂದು ಬದಿ ಚಪ್ಪಟೆಯಾದ ಎರಡು ಕೆಂಪು ಮರದ ತುಂಡುಗಳನ್ನು ನೆಲಕ್ಕೆ ಹಾಕಬೇಕು. ಒಂದು ಬೋರಲು, ಒಂದು ಅಂಗಾತ ಬಿದ್ದರೆ ಆ ಕಡ್ಡಿ ನಿನ್ನದೇ ಎಂದು ದೇವಿ ಒಪ್ಪಿದಂತೆ. ಎರಡೂ ಬೋರಲಾದರೆ ಅಲ್ಲ. ಎರಡೂ ಅಂಗಾತ ಬಿದ್ದರೆ ದೇವಿ ನಗುತ್ತಿದ್ದಾಳೆ, ಮತ್ತೊಮ್ಮೆ ಹಾಕಿ ಕೇಳಬೇಕು. ಸಂಖ್ಯೆಗೆ ತಕ್ಕ ಚೀಟಿ ಬಿಸ್ಕತ್ತಿನ ಡಬ್ಬಿಯಲ್ಲಿರುತ್ತಿತ್ತು, ಒಂದೊಂದರಲ್ಲೂ ನಾಲ್ಕು ಸಾಲಿನ ಪದ್ಯ.

ಅಜ್ಜಿಯ ಮುಖ ಅರಳಿತು. "ನಮ್ಮ ಗುಡಿಯಲ್ಲಿ ಹೂ ಕೇಳ್ತೀವಲ್ಲ! ಬಲಗಡೆ ಬಿದ್ರೆ ಸರಿ, ಎಡಗಡೆ ಬಿದ್ರೆ ಬೇಡ. ಹೇಳು ಅವರಿಗೆ."

ಹೀಗೆ ಶುರುವಾಯಿತು ನಮ್ಮ ಪಾಠ. ಪೋಪೋ ತಮ್ಮ ಮಾತಿನಲ್ಲಿ ಹೇಳಿದ್ದನ್ನು ಏಮಿ ಇಂಗ್ಲಿಷಿಗೆ ತರುತ್ತಿದ್ದಳು, ನಾನು ಕನ್ನಡಕ್ಕೆ ತರುತ್ತಿದ್ದೆ. ಅಜ್ಜಿಯ ಪ್ರಶ್ನೆ ಅದೇ ದಾರಿಯಲ್ಲಿ ವಾಪಸು ಹೋಗಬೇಕು. ಪೋಪೋ ಅವರ ಅಪ್ಪ ಹಾಂಗ್‌ಕಾಂಗಿನ ಒಂದು ಗುಡಿಯ ಹೊರಗೆ ಮೇಜು ಹಾಕಿಕೊಂಡು ಚೀಟಿ ಓದಿ ಅರ್ಥ ಹೇಳುತ್ತಿದ್ದವರು. ಕೆಮ್ಮು ಜಾಸ್ತಿಯಾದ ದಿನ ಹದಿನೈದು ವರ್ಷದ ಮಗಳನ್ನು ಆ ಮೇಜಿಗೆ ಕೂರಿಸುತ್ತಿದ್ದರಂತೆ. "ಹುಡುಗಿ ಓದ್ತಾಳೆ ಅಂತ ಮೊದಲು ನಕ್ಕರು. ಆಮೇಲೆ ನನ್ನನ್ನೇ ಕೇಳ್ಕೊಂಡು ಬರೋರು" ಅಂದಾಗ ಪೋಪೋ ಬೆನ್ನು ನೆಟ್ಟಗೆ ಮಾಡಿ ಕೂತದ್ದು ನನಗೆ ನೆನಪಿದೆ.

ಅವರದು ಎರಡು ಕಟ್ಟಳೆ. ಪ್ರಶ್ನೆ ಯಾರದು, ಯಾವ ವಿಷಯದ್ದು ಎಂದು ತಿಳಿಯದೆ ಚೀಟಿ ಓದಬಾರದು. ಒಂದೇ ಪದ್ಯ ಮದುವೆಗೆ ಒಂದು ಹೇಳುತ್ತೆ, ಪ್ರಯಾಣಕ್ಕೆ ಇನ್ನೊಂದು. ಎರಡನೆಯದು, ಕೇಳಲು ಬಂದವರನ್ನು ಬರೀ ಹೆದರಿಸಿಯೋ ಬರೀ ಹೊಗಳಿಯೋ ಕಳಿಸಬಾರದು. ಬೆಳಗ್ಗೆ ಎದ್ದು ಮಾಡುವಂಥ ಒಂದು ಕೆಲಸ ಹೇಳಿ ಕಳಿಸಬೇಕು. ನಾಳೆ ಹಿಮ ಬಿದ್ದು ಸ್ಕೂಲಿಗೆ ರಜಾ ಸಿಗುತ್ತಾ ಎಂದು ಏಮಿ ಒಮ್ಮೆ ಕಡ್ಡಿ ಕುಲುಕಿದ್ದಕ್ಕೆ ಪೋಪೋ ಅವಳ ಕಿವಿ ಹಿಂಡಿ, "ಹೋಮ್‌ವರ್ಕ್ ಮಾಡು ಅಂತಿದೆ ಚೀಟಿ" ಅಂದಿದ್ದರು.

ಅಜ್ಜಿ ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಎಲ್ಲವನ್ನೂ ಬರೆದುಕೊಂಡಳು. ಸಂಖ್ಯೆ, ಪಕ್ಕದಲ್ಲಿ ಒಂದು ಪುಟ್ಟ ಚಿತ್ರ, ಕೆಳಗೆ ಅರ್ಥ. ನನ್ನ ಕನ್ನಡ ಅಲ್ಲಿ ಬೆತ್ತಲಾಯಿತು. "ಹಳೇ ಮರದಲ್ಲಿ ಹೊಸ ಎಲೆ" ಅಂದರೆ ಅಜ್ಜಿ, "ಚಿಗುರು ಅನ್ನು" ಎನ್ನುವಳು. "ನದಿಯ ಸೈಡು" ಅಂದರೆ, "ದಡ ಅನ್ನಬಾರದೇ?" ತಪ್ಪು ಪದ ಕೊಟ್ಟರೆ ಓದು ತಪ್ಪಾಗುತ್ತೆ ಎಂಬ ಭಯಕ್ಕೆ ನಾನು ರಾತ್ರಿ ಊಟದ ಹೊತ್ತಿಗೆ ಅಮ್ಮನನ್ನು ಪದ ಕೇಳತೊಡಗಿದೆ. ಅಮ್ಮ ಚಮಚ ಹಿಡಿದವಳು ಹಾಗೇ ನಿಂತುಬಿಟ್ಟಳು. ಅಪ್ಪನಿಗೆ ಮಾತ್ರ ಇದು ಇಷ್ಟವಿರಲಿಲ್ಲ. "ಅಮ್ಮಾ, ಇಲ್ಲೂ ಶಾಸ್ತ್ರ ಕೇಳೋದು ಶುರು ಮಾಡ್ಕೊಂಡ್ಯಾ? ಮಗು ತಲೆಗೆ ಯಾಕೆ ತುಂಬ್ತೀಯ?" ಎಂದ. ಅಜ್ಜಿ ಶಾಂತವಾಗಿ, "ಮಗು ತಲೆಗೆ ಕನ್ನಡ ತುಂಬ್ತಿದೀನಪ್ಪ" ಅಂದಳು. ಅಪ್ಪ ಮತ್ತೆ ಆ ಮಾತೆತ್ತಲಿಲ್ಲ.

ಫೆಬ್ರವರಿಯ ಒಂದು ಮಂಗಳವಾರ ಹೊರಗೆ ಐದು ಡಿಗ್ರಿ ಫ್ಯಾರನ್‌ಹೀಟ್, ಕಿಟಕಿಯ ಗಾಜೆಲ್ಲ ಮಂಜು. ಪೋಪೋ ಅವತ್ತು ಚಹಾ ಇಡಲಿಲ್ಲ. ಒಂದು ಚೀಟಿಯನ್ನು ಮೇಜಿನ ಮೇಲಿಟ್ಟು ಏಮಿಗೆ ಏನೋ ಹೇಳಿದರು.

"ಪೋಪೋ ತಮಗಾಗಿ ಕಡ್ಡಿ ತೆಗೆದಿದ್ದಾರಂತೆ. ತಮ್ಮದನ್ನು ತಾವೇ ಓದಬಾರದಂತೆ. ನಿಮ್ಮಜ್ಜಿ ಓದಬೇಕಂತೆ" ಎಂದಳು ಏಮಿ.

ಅಜ್ಜಿ ಸೆರಗು ಸರಿಮಾಡಿಕೊಂಡಳು. "ಪ್ರಶ್ನೆ ಏನು ಅಂತ ಕೇಳು."

ಪ್ರಶ್ನೆ ಮನಸ್ಸಿನಲ್ಲೇ ಇರಲಿ ಎಂದು ಉತ್ತರ ಬಂತು.

"ಹಾಗಾದ್ರೆ ನಾನು ಓದಲ್ಲ. ಪ್ರಶ್ನೆ ತಿಳೀದೆ ಓದಬೇಡ ಅಂತ ಕಲಿಸಿದ್ದು ಅವರೇ ಅಂತ ಹೇಳು."

ಪೋಪೋ ಚೀಟಿಯನ್ನು ಬಲಗೈಯಿಂದ ಅಜ್ಜಿಯ ಕಡೆ ಸರಿಸಿದರು. ಆಮೇಲೆ ಒಂದೇ ಪದ ಹೇಳಿದರು. ಏಮಿಯ ದನಿ ಸಣ್ಣದಾಯಿತು. "ಕಾಯಿಲೆ ಅಂತೆ."

"ಯಾರದ್ದು?" ಎಂದು ಅಜ್ಜಿ ಕೇಳಲಿಲ್ಲ. ಪೋಪೋ ಎಡಗೈಯನ್ನು ಮಡಿಲಿನಿಂದ ಎತ್ತುತ್ತಲೇ ಇರಲಿಲ್ಲ. ಎರಡು ವಾರದಿಂದ ಕೆಟಲನ್ನೂ ಬಲಗೈಯಲ್ಲೇ ಎತ್ತುತ್ತಿದ್ದುದನ್ನು ಅಜ್ಜಿ ಗಮನಿಸಿದ್ದಳಂತೆ, ನನಗೆ ಆಮೇಲೆ ಹೇಳಿದಳು. ಅಜ್ಜಿ ತನ್ನ ಎಡಗಂಕುಳನ್ನು ಮುಟ್ಟಿ ತೋರಿಸಿ, ಹುಬ್ಬೆತ್ತಿ ನೋಡಿದಳು. ಪೋಪೋ ತಲೆಯಾಡಿಸಿದರು. ಅಲ್ಲೊಂದು ಗಂಟು. ಮಗಳಿಗೆ ಹೇಳಿರಲಿಲ್ಲ.

ಏಮಿ ನನ್ನ ಕೈ ಹಿಡಿದುಕೊಂಡಳು. ಆದರೂ ಕೆಲಸ ಬಿಡಲಿಲ್ಲ, ಚೀಟಿಯ ಸಾಲುಗಳನ್ನು ಪೋಪೋ ಹೇಳಿದಂತೆ ಒಂದೊಂದಾಗಿ ಇಂಗ್ಲಿಷಿಗೆ ತಂದಳು. ಗಾಳಿಗೆ ಸಿಕ್ಕ ದೋಣಿ. ದೂರದಲ್ಲಿ ಮನೆಯ ದೀಪ. ಕೊನೆಯಲ್ಲಿ, ಇದ್ದಲ್ಲೇ ಇರು, ವೇಟ್ ಮಾಡು. ಪೋಪೋ ಪಾಲಿಗೆ ಅರ್ಥ ಸ್ಪಷ್ಟವಾಗಿತ್ತು. ಯಾರಿಗೂ ಹೇಳಬೇಡ, ಡಾಕ್ಟರ ಹತ್ತಿರ ಹೋಗಬೇಡ, ಆದದ್ದಾಗಲಿ.

ನಾನು ಕನ್ನಡದಲ್ಲಿ ಹೇಳಿದೆ: "ಕಾಯಬೇಕು ಅಂತಿದೆ ಅಜ್ಜಿ."

ಅಜ್ಜಿ ಆ ಪದವನ್ನೇ ಬಾಯಲ್ಲಿ ಹೊರಳಿಸಿದಳು. "ಕಾಯಬೇಕು… ಯಾವ ಕಾಯೋದು ಪುಟ್ಟಿ? ಬಸ್ಸಿಗೆ ಕಾಯೋದಾ, ಹೊಲ ಕಾಯೋದಾ? ಹೊಲ ಕಾಯೋನು ಕೈಕಟ್ಟಿ ಕೂತಿರಲ್ಲ. ಹಂದಿ ಬಂದ್ರೆ ಕೂಗ್ತಾನೆ, ಊರನ್ನೇ ಎಬ್ಬಿಸ್ತಾನೆ. ಕೇಳು, ಅವರ ಪದಕ್ಕೆ ಯಾವ ಅರ್ಥ?"

ನನಗೆ ಇವತ್ತಿಗೂ ಹೆಮ್ಮೆ ಇರುವುದು ಮುಂದಿನ ಒಂದು ಮಾತಿಗೆ. ಇಂಗ್ಲಿಷಿನಲ್ಲಿ ಅದು ಎರಡು ಪದ ಎಂದು ನನಗೆ ಆ ಕ್ಷಣದಲ್ಲಿ ಹೊಳೆಯಿತು. ಏಮಿಗೆ ಹೇಳಿದೆ: "ವೇಟ್ ಅಲ್ಲದೇ ಇರಬಹುದು. ಗಾರ್ಡ್ ಇರಬಹುದು. ಕೇಳು."

ಏಮಿ ಕೇಳಿದಳು. ಪೋಪೋ ಚೀಟಿಯನ್ನು ಕಣ್ಣಿನ ಹತ್ತಿರ ಹಿಡಿದರು, ಕೆಳಗಿಟ್ಟರು. ಎದ್ದು ಕಿಟಕಿಯ ಮಂಜಿನ ಮೇಲೆ ಬೆರಳಿನಿಂದ ಆ ಅಕ್ಷರ ಬರೆದರು. ಮೇಲೆ ಒಂದು ಸೂರು. ಸೂರಿನ ಕೆಳಗೆ ಒಂದು ಕೈ. ಇದ್ದಲ್ಲೇ ಇರು ಎಂಬುದಕ್ಕೂ ಕಾಪಾಡು ಎಂಬುದಕ್ಕೂ ಅವರಲ್ಲಿ ಅದೊಂದೇ ಅಕ್ಷರವಂತೆ. ಅವರ ಅಪ್ಪ ಕಲಿಸಿದ್ದರಂತೆ, ಭಯದಲ್ಲಿ ಮರೆತುಹೋಗಿತ್ತಂತೆ.

ಅಜ್ಜಿ ಕಿಟಕಿಯ ಹತ್ತಿರ ಹೋಗಿ ಆ ಸೂರನ್ನು ಮುಟ್ಟಿದಳು. "ಈ ಮನೆ ಯಾರದ್ದು? ಮಗಳದ್ದು. ಹಾಗಿದ್ಮೇಲೆ ಸೂರಿನ ಕೆಳಗಿರೋ ಕೈ ಯಾರದ್ದು? ದೋಣಿ ತನ್ನನ್ನ ತಾನೇ ಕಟ್ಟಿಕೊಳ್ಳಲ್ಲ ಪೋಪಮ್ಮನೋರೆ, ದಡದಲ್ಲಿರೋರು ಹಗ್ಗ ಹಿಡೀಬೇಕು. ಮಗಳಿಗೆ ಹೇಳಿ. ನಾಳೆ ಬೆಳಗ್ಗೆ ಮಾಡಬೇಕಾದ ಕೆಲಸ ಇದೇ. ನಾಳೆಯಲ್ಲ, ಇವತ್ತೇ."

ನಾನು ಒಂದು ಮಾತೂ ಬಿಡದೆ ಹೇಳಿದೆ. ಏಮಿ ಅಳುತ್ತಲೇ ಹೇಳಿದಳು. ಪೋಪೋ ಕೆಂಪು ತುಂಡುಗಳನ್ನು ನೆಲಕ್ಕೆ ಹಾಕಿದರು. ಎರಡೂ ಅಂಗಾತ ಬಿದ್ದವು. ಮತ್ತೆ ಹಾಕಲು ಬಗ್ಗಿದಾಗ ಅಜ್ಜಿ ಅವರ ಭುಜ ಹಿಡಿದಳು. "ದೇವಿ ನಗ್ತಿದಾಳಲ್ಲ, ಅಷ್ಟು ಸಾಲದಾ?"

ಐದೂವರೆಗೆ ಏಮಿಯ ಅಮ್ಮ ಕೆಲಸದಿಂದ ಬಂದರು. ನಾನೂ ಅಜ್ಜಿಯೂ ನಮ್ಮನೆಗೆ ಬಂದುಬಿಟ್ಟೆವು. ಗೋಡೆಯಾಚೆ ಮೊದಲು ಸಿಟ್ಟಿನ ದನಿ, ಆಮೇಲೆ ಅಳು. ಅವರ ಸಿಟ್ಟು ನಮ್ಮ ಮೇಲೂ ಬಂತು. ಹನ್ನೊಂದು ವರ್ಷದ ಹುಡುಗಿಯರಿಗೆ ಗೊತ್ತಾದ ಸುದ್ದಿ ಮಗಳಿಗೆ ಗೊತ್ತಿರಲಿಲ್ಲ ಎಂದು ಎರಡು ವಾರ ಅವರು ನಮ್ಮ ಬಾಗಿಲು ತಟ್ಟಲಿಲ್ಲ. ಅದು ಕ್ಯಾನ್ಸರೇ ಆಗಿತ್ತು. ಮಾರ್ಚಿನಲ್ಲಿ ಆಪರೇಷನ್ ಆಯಿತು. ಬೇಗ ಬಂದದ್ದು ಒಳ್ಳೆಯದಾಯಿತು ಎಂದರಂತೆ ಡಾಕ್ಟರು. ಅವತ್ತು ಸಂಜೆ ಏಮಿಯ ಅಮ್ಮ ಒಂದು ಬುಟ್ಟಿ ಕಿತ್ತಳೆ ಹಿಡಿದು ಬಂದು, ಅಜ್ಜಿಯ ಎರಡೂ ಕೈ ಹಿಡಿದು ನಿಂತರು. ಅವರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಕನ್ನಡಕ್ಕೆ ತರುತ್ತಾ ಅಪ್ಪ ನಡುವೆ ನಿಂತಿದ್ದ.

ಅವರು ಹೋದ ಮೇಲೆ ಅಪ್ಪ ಕೇಳಿದ, "ಅಮ್ಮಾ, ಆ ಭವಿಷ್ಯ ನೀನು ಹೇಗೆ ಹೇಳಿದೆ?"

"ಭವಿಷ್ಯ ನಾನೆಲ್ಲಿ ಹೇಳಿದೆ? ಒಂದು ಪದ ಸರಿಯಾಗಿ ಓದಿದೆ. ಆ ಪದ ತಂದುಕೊಟ್ಟಿದ್ದು ನಿನ್ನ ಮಗಳು."

ಅಪ್ಪ ನನ್ನ ಕಡೆ ನೋಡಿದ ನೋಟವನ್ನು ನಾನು ಆಮೇಲೆ ಯಾವ ರಿಪೋರ್ಟ್ ಕಾರ್ಡಿಗೂ ಪಡೆಯಲಿಲ್ಲ.

ಸುದ್ದಿ ಹಬ್ಬಿತು. ಏಪ್ರಿಲ್ಲಿನಲ್ಲಿ ಅಜ್ಜಿ ವಿಮಾನ ಹತ್ತುವ ಮುಂಚೆ ಇಬ್ಬರು ಚೀನೀ ಮುದುಕಿಯರು, ಒಬ್ಬರು ಅಷ್ಟು ದೂರದ ಆಬರ್ನ್ ಹಿಲ್ಸಿನಿಂದ, ತಮ್ಮ ಚೀಟಿ ಹಿಡಿದುಕೊಂಡು 'ಇಂಡಿಯಾದ ಅಜ್ಜಿ'ಯನ್ನು ಹುಡುಕಿಕೊಂಡು ಬಂದರು. ಅಜ್ಜಿ ಮೈಸೂರು ರೇಷ್ಮೆಯ ಮೇಲೆ ಅಪ್ಪನ ಸ್ವೆಟರು, ತಲೆಗೆ ಉಣ್ಣೆ ಟೋಪಿ ಹಾಕಿಕೊಂಡು, ಹಿರಿಯ ನ್ಯಾಯಾಧೀಶರ ಹಾಗೆ ಕೂತು, "ಮೊದಲು ಪ್ರಶ್ನೆ ಹೇಳಿ" ಎಂದಳು. ಪಕ್ಕದಲ್ಲಿ ಪೋಪೋ, ಇನ್ನೂ ಬ್ಯಾಂಡೇಜು ಬಿಚ್ಚದವರು, ತಮ್ಮ ಶಿಷ್ಯೆಯನ್ನು ನೋಡುತ್ತಾ ಗಲ್ಲ ಎತ್ತಿ ಕೂತಿದ್ದರು.

ಅಜ್ಜಿ ಮತ್ತೆ ಅಮೆರಿಕಕ್ಕೆ ಬರಲಿಲ್ಲ. ನಾಲ್ಕು ವರ್ಷದ ಮೇಲೆ ಮೈಸೂರಿನಲ್ಲೇ ತೀರಿಕೊಂಡಳು. ಪೋಪೋ ಆಪರೇಷನ್ನಿನ ನಂತರ ಹನ್ನೆರಡು ವರ್ಷ ಬದುಕಿದರು, ಏಮಿಯ ಕಾಲೇಜು ಗ್ರಾಜುಯೇಷನ್ನಿಗೆ ಮುಂದಿನ ಸಾಲಿನಲ್ಲಿ ಕೂತಿದ್ದರು. ಅವರ ಮಾತು ಏಮಿಯ ನಾಲಗೆಯಿಂದ ಮೆಲ್ಲಗೆ ಜಾರಿಹೋಯಿತು. ನನ್ನದು ಉಳಿಯಿತು, ಅದಕ್ಕೇ ಇದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಈಗ ನಾನಿರುವುದು ಅಮೆರಿಕದಲ್ಲೇ ಬೋಲಿಂಗ್‌ಬ್ರೂಕ್ ಎಂಬ ಇನ್ನೊಂದು ಊರಿನಲ್ಲಿ. ನಮ್ಮ ಸಬ್‌ಡಿವಿಷನ್ನಿನಲ್ಲಿ ಕನ್ನಡದವರದ್ದೇ ಹತ್ತು ಮನೆ. ಬೇಳೆ, ಇಂಗು, ಹೆರಳೆಕಾಯಿ ಉಪ್ಪಿನಕಾಯಿ, ಎಲ್ಲ ಐದು ನಿಮಿಷದ ದಾರಿಯಲ್ಲಿ. ರಾಜ್ಯೋತ್ಸವಕ್ಕೆ ಹಾಲ್ ತುಂಬುತ್ತದೆ. ಯಾವುದಕ್ಕೂ ಕೊರತೆಯಿಲ್ಲ, ಹಾಗಾಗಿ ಯಾರ ಬಾಗಿಲನ್ನೂ ತಟ್ಟುವ ಅಗತ್ಯವಿಲ್ಲ. ಎಡಗಡೆ ಮನೆಯವರು ಬಂದು ಆರು ವರ್ಷವಾಯಿತು. ಯಾವ ದೇಶದವರೆಂದು ಸರಿಯಾಗಿ ಗೊತ್ತಿಲ್ಲ, ಅವರ ನಾಯಿಯ ಹೆಸರು ಮಾತ್ರ ಗೊತ್ತು. ಆ ಮನೆಯಲ್ಲೂ ಒಬ್ಬ ಅಜ್ಜಿ ಇದ್ದಾರೆ. ಬೆಳಗ್ಗೆ ನಾನು ಕೆಲಸಕ್ಕೆ ಹೊರಡುವಾಗ ಶಾಲು ಹೊದ್ದು ಡ್ರೈವ್‌ವೇಯಲ್ಲಿ ನಿಂತಿರುತ್ತಾರೆ, ಏನನ್ನೋ ಕೇಳುವವರಂತೆ ನನ್ನ ಕಡೆ ನೋಡುತ್ತಾರೆ. ನಾನು ಕಾರಿನ ಗಾಜಿನೊಳಗಿಂದ ಕೈ ಬೀಸುತ್ತೇನೆ, ಅವರೂ ಬೀಸುತ್ತಾರೆ.