ಮುನ್ನೂರು ವೋಲ್ಟಿನ ಮೇಲೊಂದು ಕೆಂಪು ದೀಪ

ಮೊನ್ನೆ ಮನೆಯ ಹಳೆಯ ಸ್ಟೆಬಿಲೈಸರಿನಿಂದ ಸುಟ್ಟ ವಾಸನೆ ಬಂತು. ವಯರಿನ ರಬ್ಬರು ಸುಟ್ಟದ್ದಲ್ಲ. ಬಣ್ಣ ಬಳಿದ ಮಣ್ಣು ಕಾದಂತಹ ಒಣ ವಾಸನೆ, ರೆಸಿಸ್ಟರ್ ಸುಡುವಾಗ ಬರುವಂಥದ್ದು. ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಆಮೇಲೂ ಅದನ್ನು ಮುಟ್ಟುವ ಧೈರ್ಯವಾಗದೆ ನಿಂತೆ. ಪಾಣೆಮಂಗಳೂರಿನ ರೇಡಿಯೋ ರಿಪೇರಿಯವರು ನೆನಪಾದರು.

ಎಂಬತ್ತರ ದಶಕದ ಮೊದಲ ವರ್ಷಗಳು. ನಾನು ಎಂ.ಎಸ್ಸಿ. ಮುಗಿಸಿ ಬಂಟ್ವಾಳದಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಸಂಜೆ ಪಾಣೆಮಂಗಳೂರಿನಲ್ಲಿ ಬಸ್ಸಿಳಿದು ಬಾಡಿಗೆ ಕೋಣೆಗೆ ಹೋಗುವ ದಾರಿಯಲ್ಲಿ ಅವರ ಅಂಗಡಿ. ಬೋರ್ಡಿನಲ್ಲಿ ರೇಡಿಯೋ ಎಂದಿದ್ದರೂ ಹೆಚ್ಚಿನ ಕೆಲಸ ಮದುವೆ, ಸಭೆಗಳಿಗೆ ಬಾಡಿಗೆಗೆ ಹೋಗುವ ಮೈಕ್ ಸೆಟ್ಟುಗಳದ್ದು. ಎಲ್ಲ ವಾಲ್ವಿನ ಆಂಪ್ಲಿಫೈಯರುಗಳು.

ಅಂಥ ಪೆಟ್ಟಿಗೆಯೊಳಗೆ ಮುನ್ನೂರು ವೋಲ್ಟಿನ ಡಿಸಿ ಇರುತ್ತದೆ. ಸ್ವಿಚ್ ಆರಿಸಿದರೂ ಅದು ಕಂಡೆನ್ಸರಿನಲ್ಲಿ ಉಳಿದುಕೊಳ್ಳಬಹುದು. ಎದುರಿನ ಸಣ್ಣ ಬಲ್ಬು ಆರಿದರೆ ಸ್ವಿಚ್ ಆರಿದೆ ಎಂದಷ್ಟೇ ಅರ್ಥ. ಒಳಗೆ ಏನು ಉಳಿದಿದೆ ಎಂದು ಅದು ಹೇಳುವುದಿಲ್ಲ. ಹಾಗಾಗಿ ರಿಪೇರಿಯವರು, ಶಾಕ್ ಹೊಡೆದರೂ ಎದೆಯನ್ನು ಹಾಯದಿರಲೆಂದು ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು, ಬಲಗೈಯ ಸ್ಕ್ರೂಡ್ರೈವರಿನಿಂದ ಕಂಡೆನ್ಸರಿನ ತುದಿಯನ್ನು ಪೆಟ್ಟಿಗೆಯ ತಗಡಿಗೆ ಸೇರಿಸುತ್ತಿದ್ದರು. ಚಟ್ ಎಂದು ಕಿಡಿ ಹಾರಿದ ಮೇಲೆಯೇ ಎಡಗೈ ಮುಂದೆ ಬರುತ್ತಿತ್ತು.

“ಒಳಗೆ ಇದ್ದದ್ದು ಕಣ್ಣಿಗೆ ಕಾಣುವ ಹಾಗೆ ಏನಾದರೂ ಮಾಡುವ ಮಾಷ್ಟ್ರೇ,” ಎಂದರು ಒಂದು ಸಂಜೆ. ಮಂಗಳೂರಿನಿಂದ ತಂದ ಕೆಂಪು ಎಲ್‌ಇಡಿಗಳು ಮೇಜಿನ ಮೇಲಿದ್ದವು. “ಒಂದನ್ನು ನೇರ ಕೊಟ್ಟು ನೋಡಿದೆ, ಪಟ್ ಅಂತ ಹೋಯ್ತು. ನಿಮಗೆ ಲೆಕ್ಕ ಗೊತ್ತುಂಟಲ್ಲ?”

ಗೊತ್ತಿತ್ತು. ಎಲ್‌ಇಡಿಗೆ ಸಾಕಾಗುವುದು ಎರಡು ವೋಲ್ಟು. ಉಳಿದ ಇನ್ನೂರ ತೊಂಬತ್ತೆಂಟನ್ನು ಒಂದು ರೆಸಿಸ್ಟರ್ ಹೊರಬೇಕು. ಮೂರು ಮಿಲಿಆಂಪಿಯರ್ ಸಾಕೆಂದು ನೂರು ಕಿಲೋಓಮ್ ಎಂದು ಚೀಟಿಯಲ್ಲಿ ಬರೆದುಕೊಟ್ಟೆ. ಆದರೆ ಅಷ್ಟನ್ನು ಹೊತ್ತ ರೆಸಿಸ್ಟರಿನಲ್ಲಿ ಹತ್ತಿರ ಹತ್ತಿರ ಒಂದು ವ್ಯಾಟಿನ ಬಿಸಿ ಹುಟ್ಟುತ್ತದೆ. ಎರಡು ವ್ಯಾಟಿನದ್ದೇ ಹಾಕಬೇಕು. ಅದನ್ನು ಬರೆದಿದ್ದೆನೇ… ಬರೆದ ಹಾಗೆ ಒಮ್ಮೊಮ್ಮೆ ಕಣ್ಣಿಗೆ ಕಟ್ಟುತ್ತದೆ. ಆ ದಿನದ ಡೈರಿಯಲ್ಲಿ ಮಾತ್ರ ‘ರಿಪೇರಿಯವರಿಗೆ ಲೆಕ್ಕ ಮಾಡಿಕೊಟ್ಟೆ, ಚಹಾ ಕುಡಿಸಿದರು’ ಎಂದಷ್ಟೇ ಇದೆ.

ದೀಪ ಚೆನ್ನಾಗಿ ಉರಿಯಿತು. ಸ್ವಿಚ್ ಆರಿಸಿದ ಮೇಲೆ ಮೆಲ್ಲಗೆ ಮಂಕಾಗಿ, ಇಪ್ಪತ್ತು ಎಣಿಸುವಷ್ಟರಲ್ಲಿ ಆರುತ್ತಿತ್ತು. ಉಳಿದದ್ದೆಲ್ಲ ಅದರ ಮೂಲಕವೇ ಇಳಿದುಹೋಗುತ್ತಿತ್ತು. ರಿಪೇರಿಗೆ ಬಂದ ಸೆಟ್ಟುಗಳಿಗೆಲ್ಲ ಒಂದೊಂದು ಹಾಕತೊಡಗಿದರು.

“ಇದೆಂತ, ಬೊಟ್ಟು ಇಟ್ಟದ್ದಾ?” ಎಂದು ತೋಡಾರಿನ ಮೈಕಿನವ ನಕ್ಕ. “ಮದುವೆ ಮದುಮಗಳಿಗಾ, ಆಂಪ್ಲಿಫೈಯರಿಗಾ?”

“ನಗಾಡಬೇಡ ಮಾರಾಯ. ಅದು ಆರಿದ ಮೇಲೆ ಧೈರ್ಯದಲ್ಲಿ ಕೈ ಹಾಕು, ಮಾಷ್ಟ್ರ ಲೆಕ್ಕ ಅದು.”

ಸ್ಕ್ರೂಡ್ರೈವರಿನ ಆ ಕೆಲಸ ನಿಂತಿತು. ಬೆನ್ನ ಹಿಂದಿನ ಕೈ ಕಿಡಿಗೆ ಕಾಯದೆ, ದೀಪ ಆರಿದ್ದೇ ಮುಂದೆ ಬರತೊಡಗಿತು. ನಾನು ಅದನ್ನು ನೋಡಿದ್ದೆ. ನೋಡಿ ಹೆಮ್ಮೆಪಟ್ಟಿದ್ದೆ.

ಕೆಲವು ತಿಂಗಳು ಕಳೆದಿರಬೇಕು. ಒಂದು ಭಾನುವಾರ ಬೆಳಿಗ್ಗೆ ಅಂಗಡಿಯಲ್ಲಿ ಕೂತಿದ್ದೆ. ಮೇಜಿನ ಮೇಲಿದ್ದ ಸೆಟ್ಟಿನ ದೊಡ್ಡ ವಾಲ್ವುಗಳನ್ನು ಕಳಚಿಟ್ಟಿದ್ದರು. ಒಳಗಿನ ವಿದ್ಯುತ್ತಿಗೆ ಇಳಿಯಲು ಆ ದೀಪವಲ್ಲದೆ ಬೇರೆ ದಾರಿಯಿರಲಿಲ್ಲ. ಏನೋ ಅಳೆದು ನೋಡಿ, ಸ್ವಿಚ್ ಆರಿಸಿ, ನನ್ನ ಕಡೆ ತಿರುಗಿ ಮಾತಾಡಿದರು. ಏನೆಂದು ನೆನಪಿಲ್ಲ. ನಾನು ನಕ್ಕದ್ದು ನೆನಪಿದೆ. ಮತ್ತೆ ತಿರುಗಿದಾಗ ದೀಪ ಆರಿತ್ತು. ಕೈ ಹಾಕಿದರು.

ವಿದ್ಯುತ್ ಇಳಿದು ಆರಿದ ದೀಪ ಅಲ್ಲ ಅದು. ಅರ್ಧ ವ್ಯಾಟಿನ ರೆಸಿಸ್ಟರ್ ದಿನದಿನದ ಬಿಸಿಗೆ ಬೆಂದು ಕಡಿದುಹೋಗಿತ್ತು. ಕಂಡೆನ್ಸರ್ ತುಂಬಿಯೇ ಇತ್ತು. ವಾಸನೆ ಬಂದಿರಬೇಕು, ಆದರೆ ಆ ಅಂಗಡಿಯಲ್ಲಿ ಸುಟ್ಟ ವಾಸನೆ ಇಲ್ಲದ ದಿನವೇ ಇರಲಿಲ್ಲ. ಶಾಕ್ ಹೊಡೆದ ರಭಸಕ್ಕೆ ತೋಳು ಹಿಂದಕ್ಕೆ ಹಾರಿತು, ತಗಡಿನ ಅಂಚಿಗೆ ಸಿಕ್ಕಿ ಬಲಗೈಯ ಮಣಿಕಟ್ಟು ಸೀಳಿತು. ನಾನು ಎದ್ದು ನಿಂತೆ. ನಿಂತೇ ಇದ್ದೆ. ಪಕ್ಕದ ಅಂಗಡಿಯವರು ಓಡಿಬಂದು ಹೆಗಲ ಬೈರಾಸು ತೆಗೆದು ಗಾಯಕ್ಕೆ ಬಿಗಿದರು.

ಗಾಯ ಮಾಯಿತು. ಹೆಬ್ಬೆರಳು, ತೋರುಬೆರಳು ಮತ್ತೆ ಮಡಚಲಿಲ್ಲ. ಸಾಲ್ಡರಿಂಗ್ ಕಡ್ಡಿ ಹಿಡಿಯಲಾಗದೆ ಅಂಗಡಿ ಮುಚ್ಚಿ, ವೇಣೂರಿನ ಅಕ್ಕನ ಮನೆಗೆ ಹೋದರು.

ಚೀಟಿಯ ವಿಷಯ ಕೇಳಲೆಂದೇ ಒಮ್ಮೆ ಅಲ್ಲಿಗೆ ಹೋದೆ. ಬಾಯಿ ತೆರೆಯುವ ಮೊದಲೇ ಅವರೇ ಅಂದರು: “ನಿಮ್ಮ ಲೆಕ್ಕ ಸರಿ ಇತ್ತು ಮಾಷ್ಟ್ರೇ. ಡಬ್ಬಿಯಲ್ಲಿ ಅರ್ಧ ವ್ಯಾಟಿನದ್ದು ಉಂಟಲ್ಲ ಅಂತ ಅದನ್ನೇ ಹಾಕಿದೆ.”

ಎರಡು ವ್ಯಾಟ್ ಎಂದು ನಾನು ಬರೆದಿದ್ದರೂ ಅದನ್ನು ಹಾಕಿದರೋ, ಬರೆದೇ ಇರದ ಕಾರಣ ಹಾಕಿದರೋ… ಅಷ್ಟರಲ್ಲಿ ಅವರು ಎದೆ ತೆರೆದ ಅಂಗಿಯಲ್ಲೇ ಎದ್ದು ನಿಂತರು. “ಅಕ್ಕ ಹೊರಗೆ ಹೋಗಿದ್ದಾರೆ. ಈ ಗುಂಡಿ ಒಂದು ಹಾಕಿಕೊಡಿ, ನನಗೆ ಪೇಟೆಯ ಬಸ್ಸಿಗೆ ಹೊತ್ತಾಯ್ತು.”

ಮೇಲಿನಿಂದ ಒಂದೊಂದಾಗಿ ಹಾಕಿದೆ. ಅವರ ಉಸಿರು ನನ್ನ ಹಣೆಗೆ ತಾಗುತ್ತಿತ್ತು. ಕೊನೆಯ ಗುಂಡಿ ಹಾಕುವವರೆಗೂ ಕೇಳಬಹುದಿತ್ತು. ಕೇಳಲಿಲ್ಲ.

ಅವರು ತೀರಿಕೊಂಡ ಸುದ್ದಿ ನನಗೆ ಮುಟ್ಟಿದ್ದು ತಿಂಗಳುಗಳ ಮೇಲೆ. ಈಗ ವಯಸ್ಸಾದಂತೆ, ಎರಡು ವ್ಯಾಟ್ ಎಂದು ಬರೆದು ಕೆಳಗೆ ಗೆರೆ ಎಳೆದದ್ದು ಕೂಡ ನೆನಪಾಗತೊಡಗಿದೆ. ಆ ಗೆರೆ ವರ್ಷದಿಂದ ವರ್ಷಕ್ಕೆ ದಪ್ಪವಾಗುತ್ತಿದೆ. ಇಲ್ಲ ಮಾಷ್ಟ್ರೇ, ಹಾಗೆ ಏನೂ ಇರಲಿಲ್ಲ ಎಂದು ಹೇಳಬಲ್ಲವರು ಅವರೊಬ್ಬರೇ ಇದ್ದರು.